ಫ್ಲಾರೆನ್ಸಿನಲ್ಲಿ ಒಂದು ಸೆಮಿಸ್ಟರ್, ಗಂಜಾಂನಲ್ಲಿ ಒಂದು ಗೋಡೆ

ಮೈಸೂರಿನಲ್ಲಿ ಕಲಾ ಇತಿಹಾಸ ಓದುವವರಿಗೆ ಇಟಲಿಯ ರಿನೈಸಾನ್ಸ್ (ಪುನರುಜ್ಜೀವನ ಕಾಲದ) ಕಲೆ ಎಂದರೆ ಕಿಟಕಿಗೆ ಪರದೆ ಎಳೆದ ತರಗತಿ, ಪ್ರೊಜೆಕ್ಟರಿನ ಗುಂಯ್‌ಗುಡುವ ಸದ್ದು, ಬಿಳಿ ಗೋಡೆಯ ಮೇಲೆ ಒಂದರ ಹಿಂದೊಂದು ಬಂದು ಹೋಗುವ ಚಿತ್ರಗಳು. ಅಲ್ಲಿ ಎಲ್ಲ ಕೃತಿಗಳೂ ಒಂದೇ ಅಳತೆಯವು. ಬೊತ್ತಿಚೆಲ್ಲಿಯ ‘ಪ್ರಿಮಾವೆರಾ’ ಮೂರು ಮೀಟರಿಗಿಂತ ಹೆಚ್ಚು ಅಗಲವಿದೆ. ಪಿಯೆರೊ ದೆಲ್ಲಾ ಫ್ರಾಂಚೆಸ್ಕಾ ಬರೆದ ಉರ್ಬಿನೊ ದೊರೆ ದಂಪತಿಗಳ ಭಾವಚಿತ್ರಗಳಾದರೋ ಒಂದೊಂದೂ 47 ಸೆಂ.ಮೀ. ಎತ್ತರ, 33 ಸೆಂ.ಮೀ. ಅಗಲ, ಅಂದರೆ ನಮ್ಮ ಮನೆಗಳ ದೇವರ ಪಟದಷ್ಟು. ಪರದೆಯ ಮೇಲೆ ಎರಡೂ ಸರಿಸಮ. ಮೈಕೆಲೆಂಜೆಲೊನ ದಾವಿದ ಶಿಲ್ಪದ ಎತ್ತರ 5.17 ಮೀಟರ್ ಎಂದು ಪರೀಕ್ಷೆಗೆ ಬರೆದು ಅಂಕ ಪಡೆದವರಲ್ಲಿ ನಾನೂ ಒಬ್ಬಳು; ಆ ಎತ್ತರದ ಮುಂದೆ ಕತ್ತನ್ನು ಎಷ್ಟು ಎತ್ತಬೇಕಾಗುತ್ತದೆ ಎಂಬುದನ್ನು ಯಾರೂ ಕೇಳಿರಲಿಲ್ಲ.

ಸ್ನಾತಕೋತ್ತರ ಓದಿನ ನಡುವೆ ಒಂದು ಸೆಮಿಸ್ಟರನ್ನು ಫ್ಲಾರೆನ್ಸಿನಲ್ಲಿ ಕಳೆಯುವ ಅವಕಾಶ ಸಿಕ್ಕಿತು. ಬೆಳಗ್ಗೆ ಇಟಾಲಿಯನ್ ಭಾಷೆ, ಮಧ್ಯಾಹ್ನ ಕಲಾ ಇತಿಹಾಸ. ಅದರಲ್ಲಿ ಹೆಚ್ಚಿನ ಪಾಠಗಳು ಚರ್ಚುಗಳಲ್ಲಿ, ಮಠಗಳಲ್ಲಿ, ಮ್ಯೂಸಿಯಂಗಳಲ್ಲಿ ನಿಂತುಕೊಂಡೇ ನಡೆಯುತ್ತಿದ್ದವು. ಮಂಡ್ಯದ ಮನೆಯಲ್ಲಿ ವಿಷಯ ತಿಳಿಸಿದಾಗ ಅಪ್ಪ ಕೇಳಿದ್ದು ಒಂದೇ ಪ್ರಶ್ನೆ: “ಇಟಾಲಿಯನ್ನು ಕಲ್ತು ಮಂಡ್ಯದಲ್ಲಿ ಯಾರ್ ಕುಟೆ ಮಾತಾಡೀಯವ್ವ?” ಪ್ರಶ್ನೆ ನ್ಯಾಯವಾದದ್ದೇ. ಆಗ ನನ್ನ ಬಳಿ ಉತ್ತರವಿರಲಿಲ್ಲ. ಈಗ ಸ್ವಲ್ಪ ಇದೆ, ಅದನ್ನು ಬರೆದಿಡುವುದಕ್ಕಾಗಿಯೇ ಈ ಬರಹ.

ಕಾಗದಪತ್ರಗಳ ಕಥೆಯನ್ನು ಬೇಗ ಮುಗಿಸುತ್ತೇನೆ. ಮೂರು ತಿಂಗಳಿಗಿಂತ ಹೆಚ್ಚು ಇರುವವರಿಗೆ ದೀರ್ಘಾವಧಿಯ ‘ಡಿ’ ವೀಸಾ ಬೇಕು. ಪ್ರವೇಶ ಪತ್ರ, ಬ್ಯಾಂಕಿನ ವಿವರ, ವಾಸದ ವ್ಯವಸ್ಥೆ, ಆರೋಗ್ಯ ವಿಮೆ ಎಲ್ಲವನ್ನೂ ಜೋಡಿಸಿಕೊಳ್ಳಬೇಕು. ಇಟಲಿಗೆ ಕಾಲಿಟ್ಟ ಎಂಟು ಕೆಲಸದ ದಿನಗಳೊಳಗೆ ವಾಸದ ಪರವಾನಗಿಗೆ ಅರ್ಜಿ ಹಾಕಬೇಕು. ಆ ಅರ್ಜಿಯ ಲಕೋಟೆ ಸಿಗುವುದೂ ಅದನ್ನು ತುಂಬಿ ಕೊಡುವುದೂ ಅಂಚೆ ಕಚೇರಿಯಲ್ಲಿ. ಅದಕ್ಕೆ ಅಂಟಿಸಬೇಕಾದ 16 ಯೂರೋ ಸ್ಟಾಂಪು ಮಾತ್ರ ಸಿಗರೇಟು ಮಾರುವ ಅಂಗಡಿಯಲ್ಲಿ. ಈ ಕೊನೆಯ ಸಂಗತಿಯನ್ನು ಮೊದಲೇ ಯಾರಾದರೂ ಹೇಳಿದರೆ ಒಂದು ಬೆಳಗಿನ ಅಲೆದಾಟ ಉಳಿಯುತ್ತದೆ, ಆದ್ದರಿಂದ ಹೇಳಿದ್ದೇನೆ.

ಭಾಷೆಯ ತರಗತಿಯಲ್ಲಿ ಕನ್ನಡದವರಿಗೆ ಕೆಲವು ಅನುಕೂಲಗಳಿವೆ. ಇಟಾಲಿಯನ್ನಿನಲ್ಲಿ ಬಹುಪಾಲು ಪದಗಳು ಸ್ವರದಲ್ಲಿ ಕೊನೆಗೊಳ್ಳುತ್ತವೆ, ಬರೆದ ಹಾಗೆ ಓದಬಹುದು, ದ್ವಿತ್ವಾಕ್ಷರಕ್ಕೆ ಪೂರ್ತಿ ಬೆಲೆಯಿದೆ. ‘ನೊನೊ’ ಎಂದರೆ ಒಂಬತ್ತನೆಯದು, ‘ನೊನ್ನೊ’ ಎಂದರೆ ಅಜ್ಜ. ‘ಪಾಲಾ’ ಎಂದರೆ ಸಲಿಕೆ, ‘ಪಲ್ಲಾ’ ಎಂದರೆ ಚೆಂಡು. ಇಂಗ್ಲಿಷ್ ಮನೆಮಾತಿನ ಸಹಪಾಠಿಗಳು ಈ ವ್ಯತ್ಯಾಸವನ್ನು ನಾಲಿಗೆಗೆ ತರಲು ವಾರಗಟ್ಟಲೆ ಹೆಣಗುತ್ತಿದ್ದಾಗ, ಕತೆಗೂ ಕತ್ತೆಗೂ ಇರುವ ಅಂತರವನ್ನು ಒಂದನೇ ತರಗತಿಯಲ್ಲೇ ಕಲಿತ ನನಗೆ ಅದು ಪಾಠವೇ ಆಗಿರಲಿಲ್ಲ. ಕ್ರಿಯಾಪದದ ಕೊನೆಯೇ ಕರ್ತೃ ಯಾರೆಂದು ಹೇಳುವುದರಿಂದ ‘ನಾನು’, ‘ನೀನು’ಗಳನ್ನು ಬಿಟ್ಟು ಮಾತನಾಡುವುದೂ ನಮಗೆ ಸಹಜ. ಹಿರಿಯರನ್ನೂ ಅಪರಿಚಿತರನ್ನೂ ಏಕವಚನದಲ್ಲಿ ಮಾತನಾಡಿಸಬಾರದು ಎಂಬುದನ್ನು ಮೈಸೂರಿನವರಿಗೆ ಯಾರೂ ಕಲಿಸಬೇಕಾಗಿಲ್ಲ.

ತೊಡಕು ಬರುವುದು ಲಿಂಗದಲ್ಲಿ. ನಮ್ಮಲ್ಲಿ ಮೇಜು, ಕುರ್ಚಿ, ಪುಸ್ತಕಗಳೆಲ್ಲ ನೆಮ್ಮದಿಯಾಗಿ ನಪುಂಸಕಲಿಂಗದಲ್ಲಿವೆ. ಅಲ್ಲಿ ಪುಸ್ತಕ ಗಂಡು, ಕುರ್ಚಿ ಹೆಣ್ಣು; ಗೋಡೆ ಒಂದಿದ್ದಾಗ ಗಂಡು, ಊರಿನ ಸುತ್ತ ಕೋಟೆಯಾಗಿ ನಿಂತಾಗ ಬಹುವಚನದಲ್ಲಿ ಹೆಣ್ಣು. ವಿಶೇಷಣಗಳೂ ಅದಕ್ಕೆ ತಕ್ಕಂತೆ ಬಾಗಬೇಕು. ಇದನ್ನು ತರ್ಕದಿಂದ ಗೆಲ್ಲಲು ಸಾಧ್ಯವಿಲ್ಲ, ಬಾಯಿಪಾಠವೊಂದೇ ದಾರಿ. ಇನ್ನು ಫ್ಲಾರೆನ್ಸಿನ ಬೀದಿಯ ಮಾತಿನಲ್ಲಿ ಎರಡು ಸ್ವರಗಳ ನಡುವಿನ ‘ಕ’ಕಾರ ‘ಹ’ಕಾರಕ್ಕೆ ತಿರುಗುತ್ತದೆ: ‘ಲಾ ಕಾಸಾ’ ಎಂದು ಪುಸ್ತಕದಲ್ಲಿ ಓದಿದ್ದು ತರಕಾರಿ ಅಂಗಡಿಯಲ್ಲಿ ‘ಲಾ ಹಾಸಾ’ ಎಂದು ಕೇಳಿಸುತ್ತದೆ. ಪಾಲು ಹಾಲಾದ, ಪುಲಿ ಹುಲಿಯಾದ ಭಾಷೆಯವರು ಇದಕ್ಕೆ ಬೇಸರಪಡುವಂತಿಲ್ಲ.

ಆದರೆ ಫ್ಲಾರೆನ್ಸಿನ ನಡುಪೇಟೆಯಲ್ಲಿ ಇಟಾಲಿಯನ್ ಇಲ್ಲದೆಯೇ ಬದುಕಬಹುದು, ಅಪಾಯವಿರುವುದೇ ಅಲ್ಲಿ. ಪ್ರವಾಸಿಗರ ಊರಾದ್ದರಿಂದ ನಾವು ತಡವರಿಸುತ್ತ ಆರಂಭಿಸಿದ ವಾಕ್ಯಕ್ಕೆ ಅಂಗಡಿಯವರು ಚಕ್ಕನೆ ಇಂಗ್ಲಿಷಿನಲ್ಲಿ ಉತ್ತರ ಕೊಟ್ಟುಬಿಡುತ್ತಾರೆ. ಹಾಗಾಗಿ ನಾನು ಸಂತ್ ಅಂಬ್ರೋಜೊ ಮಾರುಕಟ್ಟೆಗೆ ಹೋಗುವುದನ್ನು ರೂಢಿ ಮಾಡಿಕೊಂಡೆ. ಅಲ್ಲಿ ತರಕಾರಿ ಕೊಳ್ಳುವ ಅಜ್ಜಿಯರ ಹಿಂದೆ ಸರದಿಯಲ್ಲಿ ನಿಂತರೆ ಇಂಗ್ಲಿಷಿಗೆ ಯಾರ ಬಳಿಯೂ ಪುರುಸೊತ್ತಿರುವುದಿಲ್ಲ. ಕೊತ್ತಂಬರಿ ಸೊಪ್ಪು ಕೇಳಿದರೆ ಪಾರ್ಸ್ಲಿ ಕೊಡುತ್ತಿದ್ದರು, ಅದು ಬೇರೆ ಮಾತು.

ಆ ತರಗತಿಯ ಫಲ ಮೊದಲ ಬಾರಿಗೆ ಕೈಗೆ ಸಿಕ್ಕಿದ್ದು ಮಾರುಕಟ್ಟೆಯಲ್ಲಲ್ಲ, ಸಾಂತಾ ಮರಿಯಾ ನೊವೆಲ್ಲಾ ಚರ್ಚಿನ ಎಡಬದಿಯ ಗೋಡೆಯಲ್ಲಿ. ಮಸಾಚ್ಚೊ 1427ರ ಆಸುಪಾಸಿನಲ್ಲಿ ಬರೆದ ‘ತ್ರಿನಿಟಿ’ ಅಲ್ಲಿದೆ. ಮೇಲೆ ಶಿಲುಬೆಗೇರಿದ ಕ್ರಿಸ್ತ, ಅವನ ಹಿಂದೆ ತಂದೆಯಾದ ದೇವರು, ಅಕ್ಕಪಕ್ಕದಲ್ಲಿ ಮೇರಿ ಮತ್ತು ಯೋಹಾನ, ಹೊರಗೆ ಮಂಡಿಯೂರಿದ ದಾನಿ ದಂಪತಿ. ಎಲ್ಲಕ್ಕಿಂತ ಕೆಳಗೆ, ಕಲ್ಲಿನ ಪೆಟ್ಟಿಗೆಯ ಮೇಲೆ ಮಲಗಿರುವಂತೆ ಬರೆದ ಅಸ್ಥಿಪಂಜರ ಮತ್ತು ಅದರ ಮೇಲೊಂದು ಸಾಲು ಬರಹ. ಬರಹ ಲ್ಯಾಟಿನ್ನಿನಲ್ಲಿಲ್ಲ, ಊರಿನ ಆಡುಮಾತಿನಲ್ಲಿದೆ: ನೀವು ಈಗ ಏನಾಗಿದ್ದೀರೋ ನಾನೂ ಹಿಂದೆ ಅದೇ ಆಗಿದ್ದೆ, ನಾನು ಈಗ ಏನಾಗಿದ್ದೇನೋ ಅದೇ ನೀವೂ ಆಗುವಿರಿ. ಭೂತ, ವರ್ತಮಾನ, ಭವಿಷ್ಯತ್ ಮೂರೂ ಕಾಲಗಳು ಒಂದೇ ಸಾಲಿನಲ್ಲಿ. ಆ ವಾರವಷ್ಟೇ ಭವಿಷ್ಯತ್ಕಾಲದ ಪ್ರತ್ಯಯಗಳನ್ನು ಕಲಿತಿದ್ದ ನಾನು ಸುಮಾರು ಆರು ಶತಮಾನದ ಹಿಂದಿನ ಗೋಡೆಬರಹವನ್ನು ಯಾರ ಸಹಾಯವೂ ಇಲ್ಲದೆ ಓದಿದೆ. ಅಸ್ಥಿಪಂಜರವೊಂದು ನನ್ನನ್ನು ಬಹುವಚನದಲ್ಲಿ ಮಾತನಾಡಿಸುತ್ತಿತ್ತು.

ಪಾಠ ಹೇಳುತ್ತಿದ್ದ ಪ್ರಾಧ್ಯಾಪಕಿಯವರು ಅಂದು ಚಿತ್ರದ ಅರ್ಥದ ಬಗ್ಗೆ ಬಹಳ ಹೊತ್ತು ಏನನ್ನೂ ಹೇಳಲಿಲ್ಲ. ನಮ್ಮನ್ನು ಗೋಡೆಗೆ ತೀರಾ ಹತ್ತಿರ ನಿಲ್ಲಿಸಿದರು, ಆಮೇಲೆ ಹಿಂದಕ್ಕೆ ನಡೆಸಿದರು, ಆಮೇಲೆ ಪಕ್ಕಕ್ಕೆ ಸರಿಸಿದರು. ಹತ್ತಿರದಿಂದ ನೋಡಿದಾಗ ಮೇಲಿನ ಕಮಾನಿನ ಚೌಕಗಳು ಗೋಡೆಗೆ ಅಂಟಿದ ಗೆರೆಗಳಷ್ಟೇ. ಗಾರೆ ಇನ್ನೂ ಹಸಿಯಿದ್ದಾಗ ಕಲಾವಿದ ಗೀರಿದ ಗುರುತುಗಳೂ ಅಲ್ಲಲ್ಲಿ ಕಾಣುತ್ತವೆ. ನಡುಹಜಾರದ ಕಡೆಗೆ ಹಿಂದೆ ಸರಿಯುತ್ತ ಬಂದರೆ ಒಂದು ಜಾಗದಲ್ಲಿ ಆ ಗೆರೆಗಳೆಲ್ಲ ಕೂಡಿಕೊಂಡು ಗೋಡೆಯ ಆಚೆಗೆ ಒಂದು ಕೋಣೆ ತೆರೆದುಕೊಳ್ಳುತ್ತದೆ. ಗೆರೆಗಳೆಲ್ಲ ಹೋಗಿ ಸೇರುವ ಬಿಂದುವನ್ನು ಮಸಾಚ್ಚೊ ಇಟ್ಟಿರುವುದು ಶಿಲುಬೆಯ ಬುಡದಲ್ಲಿ, ನೆಲದ ಮೇಲೆ ನಿಂತವರ ಕಣ್ಣಿನ ಮಟ್ಟಕ್ಕೆ ಹತ್ತಿರದಲ್ಲಿ. ಅಂದರೆ ಚಿತ್ರ ಬರೆಯುವಾಗಲೇ ನೋಡುವವರು ಎಲ್ಲಿ ನಿಲ್ಲಬೇಕೆಂಬುದು ನಿರ್ಧಾರವಾಗಿದೆ. ಮೈಸೂರಿನ ತರಗತಿಯಲ್ಲಿ ನಾನು ಪರ್ಸ್ಪೆಕ್ಟಿವ್ ಎಂದರೆ ದೂರದ್ದನ್ನು ಚಿಕ್ಕದಾಗಿಯೂ ಹತ್ತಿರದ್ದನ್ನು ದೊಡ್ಡದಾಗಿಯೂ ಬರೆಯುವ ವಿಧಾನವೆಂದು ಕಲಿತಿದ್ದೆ. ಅದು ನೋಡುವವರ ಕಾಲಿಗೆ ಹಾಕುವ ಒಂದು ಗೆರೆಯೂ ಹೌದೆಂಬುದು ಕಾಲಿಗೇ ಅರ್ಥವಾಗಬೇಕಿತ್ತು.

ಈ ಚಿತ್ರಕ್ಕೆ ಒಂದು ಉಪಕಥೆಯಿದೆ. ಕಲಾವಿದರ ಜೀವನಚರಿತ್ರೆಗಳನ್ನು ಬರೆದು 1550ರಲ್ಲಿ ಪ್ರಕಟಿಸಿದ ಜೊರ್ಜೊ ವಸಾರಿ ಈ ಕಮಾನನ್ನು ನೋಡಿ, ಗೋಡೆಗೇ ತೂತು ಬಿದ್ದಂತೆ ಕಾಣುತ್ತದೆ ಎಂದು ಹೊಗಳಿದ. ಅದೇ ವಸಾರಿ 1570ರ ಸುಮಾರಿಗೆ ಚರ್ಚನ್ನು ನವೀಕರಿಸುವಾಗ ಇದೇ ಚಿತ್ರದ ಮುಂದೆ ಹೊಸ ಪೂಜಾವೇದಿಕೆಯನ್ನು ಕಟ್ಟಿ, ತಾನೇ ಬರೆದ ಚಿತ್ರವನ್ನು ಅಲ್ಲಿ ನಿಲ್ಲಿಸಿ, ಮಸಾಚ್ಚೊನನ್ನು ಮುಚ್ಚಿಬಿಟ್ಟ. ಗೋಡೆಯನ್ನು ಕೆಡವಲಿಲ್ಲ ಎಂಬುದೇ ಪುಣ್ಯ. ಚಿತ್ರ ಮತ್ತೆ ಬೆಳಕಿಗೆ ಬಂದದ್ದು 1860ರ ಹೊತ್ತಿಗೆ, ಕೆಳಗಿನ ಅಸ್ಥಿಪಂಜರವಂತೂ ಸಿಕ್ಕಿದ್ದು 1952ರಲ್ಲಿ. ವಸಾರಿಯ ಹೆಸರು ಮುಂದೆಯೂ ಬರುತ್ತದೆ, ಏಕೆಂದರೆ ನಾವು ಇಂದಿಗೂ ರಿನೈಸಾನ್ಸ್ ಕಲೆಯನ್ನು ಅವನು ಜೋಡಿಸಿಟ್ಟ ಕ್ರಮದಲ್ಲೇ ಓದುತ್ತಿದ್ದೇವೆ: ಜೊತ್ತೊನ ಕಾಲ ಶೈಶವ, ಮಸಾಚ್ಚೊನ ಕಾಲ ಯೌವನ, ಮೈಕೆಲೆಂಜೆಲೊನ ಕಾಲ ಪರಿಪೂರ್ಣತೆ. ಒಂದೊಂದು ತಲೆಮಾರೂ ಹಿಂದಿನದಕ್ಕಿಂತ ಒಂದು ಮೆಟ್ಟಿಲು ಮೇಲೆ. ಪರೀಕ್ಷೆಗೆ ಬರೆಯಲು ಬಹಳ ಅನುಕೂಲವಾದ ಕ್ರಮವಿದು.

ನದಿಯ ಆಚೆ ದಡದ ಕಾರ್ಮಿನೆ ಚರ್ಚಿನಲ್ಲಿರುವ ಬ್ರಂಕಾಚ್ಚಿ ಗುಡಿಗೆ ಒಮ್ಮೆಗೆ ಕೆಲವೇ ಮಂದಿಯನ್ನು, ಗೊತ್ತಾದ ಅವಧಿಗೆ ಮಾತ್ರ ಬಿಡುತ್ತಾರೆ. 1771ರಲ್ಲಿ ಚರ್ಚು ಬೆಂಕಿಗೆ ಸಿಕ್ಕಿದರೂ ಈ ಗುಡಿ ಉಳಿಯಿತು. ಇಲ್ಲಿ ಮಸಾಚ್ಚೊ ಮತ್ತು ಮಸೊಲೀನೊ 1420ರ ದಶಕದಲ್ಲಿ ಕೆಲಸ ಮಾಡಿದರು; ಅರ್ಧಕ್ಕೆ ಬಿಟ್ಟದ್ದನ್ನು ಸುಮಾರು ಅರವತ್ತು ವರ್ಷಗಳ ಬಳಿಕ ಫಿಲಿಪ್ಪೀನೊ ಲಿಪ್ಪಿ ಮುಗಿಸಿದ. ಇಲ್ಲಿ ಫ್ರೆಸ್ಕೊ ಹೇಗೆ ಆಗುತ್ತದೆ ಎಂಬುದನ್ನು ನಮಗೆ ತೋರಿಸಿದರು. ಸುಣ್ಣದ ಗಿಲಾವನ್ನು ಆ ದಿನ ಬರೆದು ಮುಗಿಸಬಹುದಾದಷ್ಟು ಜಾಗಕ್ಕೆ ಮಾತ್ರ ಬಳಿಯುತ್ತಾರೆ. ಅದು ಹಸಿಯಿರುವಾಗಲೇ ನೀರಿನಲ್ಲಿ ಕಲಸಿದ ಬಣ್ಣವನ್ನು ಹಚ್ಚುತ್ತಾರೆ. ಸುಣ್ಣ ಒಣಗುತ್ತ ಗಾಳಿಯಲ್ಲಿನ ಇಂಗಾಲದ ಡೈಆಕ್ಸೈಡನ್ನು ಹೀರಿಕೊಂಡು ಮರಳಿ ಸುಣ್ಣಕಲ್ಲೇ ಆಗುತ್ತದೆ, ಬಣ್ಣ ಅದರೊಳಗೆ ಸಿಕ್ಕಿಕೊಳ್ಳುತ್ತದೆ. ಬಣ್ಣವು ಗೋಡೆಯ ಮೇಲಲ್ಲ, ಗೋಡೆಯಲ್ಲೇ ಇದೆ. ಮರುದಿನ ಪಕ್ಕದಲ್ಲಿ ಹೊಸ ಗಿಲಾವು ಸೇರುವ ಕಡೆ ಕೂದಲೆಳೆಯಷ್ಟು ತೆಳುವಾದ ಅಂಚು ಉಳಿಯುತ್ತದೆ. ಪ್ರಾಧ್ಯಾಪಕಿಯವರ ಬೆರಳಿನ ಜಾಡು ಹಿಡಿದು ಆ ಅಂಚನ್ನು ಹುಡುಕುತ್ತ ಹೋದಾಗ ತಲೆ ಒಂದು ದಿನದ್ದು, ಮೈ ಇನ್ನೊಂದು ದಿನದ್ದು ಎಂದು ಬಿಡಿಸಿ ಓದಬಹುದು.

ಗುಡಿಯ ನಡುಗೋಡೆಯಲ್ಲಿ ಕಿಟಕಿಯಿದೆ. ಎಡಗೋಡೆಯ ಚಿತ್ರದಲ್ಲಿ ಬೆಳಕು ಬಲದಿಂದ ಬೀಳುತ್ತದೆ, ಅಂದರೆ ಆ ನಿಜವಾದ ಕಿಟಕಿಯ ಕಡೆಯಿಂದಲೇ ಬೀಳುವಂತೆ ಮಸಾಚ್ಚೊ ಬರೆದಿದ್ದಾನೆ. ಕಿಟಕಿಯ ಪಕ್ಕದಲ್ಲೇ ಸಂತ ಪೀಟರ್ ತನ್ನ ನೆರಳಿನಿಂದ ರೋಗಿಗಳನ್ನು ಗುಣಪಡಿಸುವ ದೃಶ್ಯವಿದೆ. ಪೀಟರ್ ಯಾರನ್ನೂ ನೋಡುತ್ತಿಲ್ಲ, ಫ್ಲಾರೆನ್ಸಿನದೇ ಎನ್ನಬಹುದಾದ ಬೀದಿಯೊಂದರಲ್ಲಿ ಸುಮ್ಮನೆ ನಡೆದು ಬರುತ್ತಿದ್ದಾನೆ. ನೆರಳು ದಾಟಿ ಹೋದವನು ಎದ್ದು ನಿಂತಿದ್ದಾನೆ, ದಾಟುತ್ತಿರುವವನು ಏಳುತ್ತಿದ್ದಾನೆ, ಇನ್ನೂ ತಲುಪದವನು ನೆಲದಲ್ಲೇ ಇದ್ದಾನೆ. ಪ್ರವೇಶದ ಬಳಿ ಸ್ವರ್ಗದಿಂದ ಹೊರದೂಡಲ್ಪಟ್ಟ ಆದಮ ಮತ್ತು ಹವ್ವರಿಗೆ 17ನೇ ಶತಮಾನದಲ್ಲಿ ಮಾನ ಮುಚ್ಚಲು ಅಂಜೂರದ ಎಲೆಗಳನ್ನು ಬರೆಯಿಸಿದ್ದರು. 1980ರ ದಶಕದ ದುರಸ್ತಿಯಲ್ಲಿ ಅವನ್ನು ತೆಗೆದರು. ಅಂಜೂರಕ್ಕೆ ಹೆಸರಾದ, ಶ್ರೀರಂಗಪಟ್ಟಣದ ಪಕ್ಕದ ಗಂಜಾಂ ಕಡೆಯವರಿಗೆ ಆ ಎಲೆಗಳ ಬಗ್ಗೆ ಸ್ವಲ್ಪ ಮರುಕವಾದರೆ ತಪ್ಪಿಲ್ಲ.

ಇಷ್ಟಾದರೂ ನನಗೆ ಹೆಚ್ಚು ಹತ್ತಿರವಾದದ್ದು ಗೋಡೆಯ ಕೆಲಸವಲ್ಲ, ಹಲಗೆಯ ಕೆಲಸ. ನದಿಯಾಚೆಯ ಕುಶಲಕರ್ಮಿಗಳ ಬೀದಿಯೊಂದರಲ್ಲಿ ನಮಗೆ ಚಿನ್ನದ ರೇಕು ಕೂರಿಸುವ ಪ್ರಾತ್ಯಕ್ಷಿಕೆ ಇತ್ತು. ಪಾಪ್ಲರ್ ಮರದ ಹಲಗೆಗೆ ಬಟ್ಟೆ ಅಂಟಿಸಿ, ಅದರ ಮೇಲೆ ಜಿಪ್ಸಂ ಮತ್ತು ಪ್ರಾಣಿಯ ಚರ್ಮದ ಅಂಟು ಸೇರಿಸಿದ ಜೆಸ್ಸೊವನ್ನು ಪದರ ಪದರವಾಗಿ ಬಳಿದು, ಉಜ್ಜಿ ನಯಗೊಳಿಸಿ, ಕೆಂಪು ಜೇಡಿಯನ್ನು ಹಚ್ಚಿ, ಆಮೇಲೆ ರೇಕನ್ನು ಕೂರಿಸಿ, ಅಗೇಟ್ ಕಲ್ಲಿನಿಂದ ತೀಡುತ್ತಾರೆ. ಉಸಿರು ಬಿಟ್ಟರೆ ರೇಕು ಹಾರಿಹೋಗುತ್ತದೆ, ಉಸಿರು ಹಿಡಿದರೆ ಕೈ ನಡುಗುತ್ತದೆ. ಸಹಪಾಠಿಗಳು ಇದನ್ನೆಲ್ಲ ಕಣ್ಣರಳಿಸಿ ನೋಡುತ್ತಿದ್ದರು. ನಾನು ನೋಡುತ್ತಿದ್ದದ್ದು ಮೈಸೂರು ಸಾಂಪ್ರದಾಯಿಕ ಚಿತ್ರ ಬರೆಯುವವರ ಮನೆಯ ಜಗಲಿಯನ್ನು. ನಮ್ಮಲ್ಲಿ ಹಲಗೆಗೆ ಕಾಗದ ಅಂಟಿಸುತ್ತಾರೆ. ಬಿಳಿ ಪುಡಿ, ಗೋಂದು ಮತ್ತು ಹಳದಿ ರಾಳ ಸೇರಿದ ಮಕ್ಕಿ ಸಫೇದವನ್ನು ಆಭರಣ, ಪ್ರಭಾವಳಿ, ಸಿಂಹಾಸನಗಳಿರುವ ಕಡೆ ಮಾತ್ರ ಕುಂಚದಿಂದ ಇಟ್ಟು, ತಂಜಾವೂರಿನವರಷ್ಟು ಉಬ್ಬಿಸದೆ, ಅದರ ಮೇಲೆ ರೇಕು ಕೂರಿಸಿ ತೀಡುತ್ತಾರೆ.

1400ರ ಆಸುಪಾಸಿನಲ್ಲಿ ಚೆನ್ನೀನೊ ಚೆನ್ನೀನಿ ಎಂಬ ವರ್ಣಚಿತ್ರಕಾರ ತನ್ನ ಕಸುಬಿನ ಕೈಪಿಡಿಯೊಂದನ್ನು ಬರೆದಿಟ್ಟಿದ್ದಾನೆ. ತನ್ನ ಗುರು ಆನ್ಯೊಲೊ ಗದ್ದಿ, ಅವನಿಗೆ ಗುರು ತಂದೆ ತದ್ದೆಯೊ, ತದ್ದೆಯೊಗೆ ಗುರು ಜೊತ್ತೊ ಎಂದು ಪರಂಪರೆ ಹೇಳಿಕೊಂಡೇ ಅವನು ಮಾತು ಆರಂಭಿಸುವುದು. ಅದರ ಕೆಲವು ಪುಟಗಳನ್ನು ನಮ್ಮ ಕೈಯಲ್ಲಿ ನಿಧಾನವಾಗಿ ಓದಿಸಿದರು. ರೇಖೆ ಎಳೆಯುವ ಇದ್ದಿಲನ್ನು ಹೀಗೆ ಮಾಡಿಕೊಳ್ಳಬೇಕು ಎನ್ನುತ್ತಾನೆ: ವಿಲೋ ಮರದ ಸಣ್ಣ ಕಡ್ಡಿಗಳನ್ನು ಕಟ್ಟು ಕಟ್ಟಿ, ಹೊಸ ಮಡಕೆಯೊಳಗಿಟ್ಟು, ಬಾಯಿಗೆ ಜೇಡಿಮಣ್ಣು ಮೆತ್ತಿ, ಸಂಜೆ ಬ್ರೆಡ್ ಬೇಯಿಸುವವನು ಕೆಲಸ ಮುಗಿಸಿದ ಮೇಲೆ ಅವನ ಒಲೆಯಲ್ಲಿ ಬೆಳಗಿನವರೆಗೆ ಬಿಡಬೇಕು. ಮೈಸೂರಿನ ಚಿತ್ರಗಾರರು ಹುಣಸೆ ಕಡ್ಡಿಗಳನ್ನು ಕಬ್ಬಿಣದ ಕೊಳವೆಯಲ್ಲಿಟ್ಟು ಸುಟ್ಟು ಇದ್ದಿಲು ಮಾಡಿಕೊಳ್ಳುತ್ತಿದ್ದರು. ಮರ ಬೇರೆ, ಪಾತ್ರೆ ಬೇರೆ, ಗಾಳಿ ಒಳಗೆ ಹೋಗಬಾರದೆಂಬ ತಿಳಿವಳಿಕೆ ಒಂದೇ. ಇನ್ನೊಂದು ಕಡೆ ಅವನು ಮೊಟ್ಟೆಯ ಹಳದಿಯಲ್ಲಿ ಬಣ್ಣ ಕಲಸುವುದನ್ನು ಹೇಳುತ್ತ, ಎಳೆಯರ ಮುಖಕ್ಕೆ ಪಟ್ಟಣದ ಕೋಳಿಯ ಮೊಟ್ಟೆ ಬಳಸಿ, ಅದರ ಹಳದಿ ಪೇಲವ. ಹಳ್ಳಿ ಕೋಳಿಯದು ಹೆಚ್ಚು ಕೆಂಪು, ಅದು ವಯಸ್ಸಾದವರ, ಕಂದುಬಣ್ಣದವರ ಮುಖಕ್ಕೆ ಸರಿ ಎನ್ನುತ್ತಾನೆ. ಇದನ್ನು ಅಪ್ಪನಿಗೆ ಫೋನಿನಲ್ಲಿ ಓದಿ ಹೇಳಿದೆ. “ಆವಯ್ಯನಿಗೂ ನಾಟಿ ಕೋಳಿ ಗೊತ್ತಿತ್ತು ಅನ್ನು” ಎಂದರು. ಅಲ್ಲಿಂದಾಚೆಗೆ ನನ್ನ ಓದಿನ ಬಗ್ಗೆ ಮನೆಯಲ್ಲಿ ಆಕ್ಷೇಪಣೆ ಬರಲಿಲ್ಲ.

ಚಿನ್ನದ ಬಗ್ಗೆ ಒಂದು ಮಾತು ಉಳಿದಿದೆ. ಲಿಯೊನ್ ಬತ್ತಿಸ್ತಾ ಆಲ್ಬೆರ್ತಿ 1435ರಲ್ಲಿ ಚಿತ್ರಕಲೆಯ ಬಗ್ಗೆ ಬರೆದ ಗ್ರಂಥದಲ್ಲಿ ಚಿನ್ನದ ರೇಕನ್ನು ಬಿಟ್ಟು, ಚಿನ್ನದ ಹೊಳಪನ್ನೂ ಬಣ್ಣದಿಂದಲೇ ತೋರಿಸುವವನು ಹೆಚ್ಚಿನ ಚಿತ್ರಗಾರ ಎಂದ. ಅದಕ್ಕೆ ಅವನು ಕೊಡುವ ಕಾರಣವನ್ನು ನಮ್ಮ ಟಿಪ್ಪಣಿ ಪುಸ್ತಕಗಳು ಬಿಟ್ಟುಬಿಡುತ್ತವೆ: ಚಪ್ಪಟೆ ಹಲಗೆಯ ಮೇಲಿನ ಚಿನ್ನ ಬೆಳಕಾಗಿ ಕಾಣಬೇಕಾದ ಕಡೆ ಕಪ್ಪಾಗಿಯೂ, ಕಪ್ಪಾಗಿ ಕಾಣಬೇಕಾದ ಕಡೆ ಹೊಳಪಾಗಿಯೂ ಕಂಡುಬಿಡುತ್ತದೆ. ಅಂದರೆ ನೋಡುವವರು ಸರಿದಂತೆಲ್ಲ ಚಿನ್ನವೂ ಬದಲಾಗುತ್ತದೆ, ಚಿತ್ರಗಾರನ ಹಿಡಿತಕ್ಕೆ ಸಿಗುವುದಿಲ್ಲ. ಒಂದೇ ಕಡೆ ನಿಂತು ನೋಡಿ ಎನ್ನುವ ಪರ್ಸ್ಪೆಕ್ಟಿವ್‌ಗೂ ಹೆಜ್ಜೆ ಹೆಜ್ಜೆಗೂ ಬಣ್ಣ ಬದಲಿಸುವ ಚಿನ್ನಕ್ಕೂ ಹೊಂದುವುದು ಹೇಗೆ? ಆದರೆ ದೀಪದ ಬೆಳಕಿನ ಪೂಜಾಗೃಹದಲ್ಲಿ, ಆರತಿಯ ಕುಡಿ ಆಡಿದಂತೆಲ್ಲ ಮಿನುಗಬೇಕಾದ ದೇವರ ಚಿತ್ರಕ್ಕೆ ಆಲ್ಬೆರ್ತಿ ದೋಷವೆಂದದ್ದೇ ಗುಣ. ಜಗನ್ಮೋಹನ ಅರಮನೆಯ ಚಿತ್ರಶಾಲೆಯಲ್ಲಿ ಗಾಜಿನ ಹಿಂದೆ, ಒಂದೇ ಸಮನೆ ಉರಿಯುವ ವಿದ್ಯುದ್ದೀಪದ ಕೆಳಗೆ ಮೈಸೂರು ಚಿತ್ರಗಳನ್ನು ನೋಡಿ, ಇವಕ್ಕೆ ಆಳವಿಲ್ಲ ಎಂದು ನಾವು ಬರೆದುಕೊಂಡಿದ್ದು ಎಷ್ಟು ಅನ್ಯಾಯ ಎಂದು ನನಗೆ ತೋರಿದ್ದು ಫ್ಲಾರೆನ್ಸಿನಲ್ಲಿ.

ಉಫೀಝಿ ಗ್ಯಾಲರಿಯ ವಿಷಯಕ್ಕೆ ಬರುತ್ತೇನೆ. ತಿಂಗಳ ಮೊದಲ ಭಾನುವಾರ ಸರ್ಕಾರಿ ಮ್ಯೂಸಿಯಂಗಳಿಗೆ ಟಿಕೆಟ್ ಇಲ್ಲ. ಜನಜಾತ್ರೆ ಇದ್ದರೂ ವಿದ್ಯಾರ್ಥಿಗಳಿಗೆ ಅದೇ ಹಬ್ಬ. ಬೊತ್ತಿಚೆಲ್ಲಿಯ ಕೋಣೆಯಲ್ಲಿ ಎತ್ತಿ ಹಿಡಿದ ಮೊಬೈಲುಗಳ ಸಂದಿಯಲ್ಲಿ ವೀನಸ್ಸಿನ ಹಣೆ ಮಾತ್ರ ಕಾಣುತ್ತಿದ್ದಾಗ, ನಾನು ಪಾವೊಲೊ ಉಚೆಲ್ಲೊ ಬರೆದ ಸಾನ್ ರೊಮಾನೊ ಯುದ್ಧದ ಮುಂದೆ ಆರಾಮವಾಗಿ ನಿಲ್ಲುತ್ತಿದ್ದೆ. 1432ರಲ್ಲಿ ಫ್ಲಾರೆನ್ಸಿಗೂ ಸಿಯೆನಾಗೂ ನಡೆದ ಕದನವದು. ಮೂರು ಹಲಗೆಗಳಲ್ಲಿ ಒಂದು ಇಲ್ಲಿ, ಇನ್ನೊಂದು ಲಂಡನ್ನಿನಲ್ಲಿ, ಮತ್ತೊಂದು ಪ್ಯಾರಿಸ್ಸಿನಲ್ಲಿ. ಇಲ್ಲಿಯದರ ಅಗಲ ಮೂರು ಮೀಟರಿಗೂ ಮೀರಿದ್ದು. ಬೇರೊಂದು ಮನೆತನದ ಒಡೆತನದಲ್ಲಿದ್ದ ಇವನ್ನು ಆಗ ಊರನ್ನು ಆಳುತ್ತಿದ್ದ ಲೊರೆಂಝೊ ಮೆದಿಚಿ ಬಲವಂತದಿಂದ ತನ್ನ ಅರಮನೆಗೆ ತರಿಸಿಕೊಂಡ.

ನೆಲಕ್ಕೆ ಬಿದ್ದ ಭರ್ಜಿಗಳನ್ನು ನೋಡಿದರೆ ನಗು ಬರುತ್ತದೆ. ಯುದ್ಧದಲ್ಲಿ ಮುರಿದು ಬಿದ್ದವು ಅಡ್ಡಾದಿಡ್ಡಿ ಬೀಳಬೇಕಲ್ಲವೆ? ಇಲ್ಲಿ ಅವು ಅಳತೆಪಟ್ಟಿಯಿಂದ ಜೋಡಿಸಿದ ಹಾಗೆ ಪರ್ಸ್ಪೆಕ್ಟಿವ್ ಗೆರೆಗಳ ಮೇಲೇ ಬಿದ್ದಿವೆ. ಕುದುರೆಯೊಂದು ನಮ್ಮ ಕಡೆಗೆ ಹಿಂಗಾಲು ಮಾಡಿಕೊಂಡು ಉರುಳಿದೆ. ಕುದುರೆಗಳಿಗೆ ಗುಲಾಬಿ, ನೀಲಿ ಬಣ್ಣ. ಸವಾರರ ಕವಚಗಳಿಗೆ ಬೆಳ್ಳಿಯ ರೇಕು ಹಾಕಿದ್ದ. ಈಗ ಅದು ಕಂದಿ ಸೀಸದಂತೆ ಕಾಣುತ್ತದೆ. ಹಿಂದಿನ ಬಯಲಿನಲ್ಲಿ, ಈ ಗದ್ದಲಕ್ಕೂ ತಮಗೂ ಸಂಬಂಧವಿಲ್ಲವೆಂಬಂತೆ ಬೇಟೆಗಾರರು ಮೊಲ ಅಟ್ಟಿಕೊಂಡು ಹೋಗುತ್ತಿದ್ದಾರೆ, ಆ ಬಯಲಂತೂ ಮುಂದಿನ ನೆಲಕ್ಕೆ ಸೇರಿದ್ದೇ ಅಲ್ಲ, ಎದ್ದು ನಿಂತಿದೆ. ಪರ್ಸ್ಪೆಕ್ಟಿವ್‌ಗಾಗಿ ವ್ಯಯಿಸಿದ ಶ್ರಮವನ್ನು ಮನುಷ್ಯರನ್ನೂ ಪ್ರಾಣಿಗಳನ್ನೂ ಬರೆಯಲು ಬಳಸಿದ್ದರೆ ಉಚೆಲ್ಲೊ ಇನ್ನೂ ದೊಡ್ಡವನಾಗುತ್ತಿದ್ದ ಎಂದು ವಸಾರಿ ಗೊಣಗುತ್ತಾನೆ. ವಸಾರಿಯ ಮೆಟ್ಟಿಲುಗಳಲ್ಲಿ ಉಚೆಲ್ಲೊನಿಗೆ ಸರಿಯಾದ ಜಾಗವಿಲ್ಲ. ಅವನಿಗೆ ಪರ್ಸ್ಪೆಕ್ಟಿವ್ ಗೊತ್ತಿತ್ತು, ಬೇಕಾದ ಕಡೆ ಬಳಸಿದ. ರೇಕಿನ ಹೊಳಪೂ ಬೇಕೆನಿಸಿತು, ಅದನ್ನೂ ಬಿಡಲಿಲ್ಲ. ಆ ಹಲಗೆಯ ಮುಂದೆ ನಿಂತಾಗಲೆಲ್ಲ ನನಗೆ ಇದನ್ನು ಮೊದಲೇ ಎಲ್ಲೋ ನೋಡಿದ್ದೇನೆ ಎನಿಸುತ್ತಿತ್ತು. ಎಲ್ಲಿ ಎಂಬುದೂ ಬೇಗನೆ ಹೊಳೆಯಿತು.

ಮಂಡ್ಯದಿಂದ ಮೈಸೂರಿಗೆ ಓಡಾಡುವ ರೈಲು ಶ್ರೀರಂಗಪಟ್ಟಣದಲ್ಲಿ ನಿಲ್ಲುತ್ತದೆ. ಇಳಿದು ಗಂಜಾಂ ದಾರಿ ಹಿಡಿದರೆ 1784ರಲ್ಲಿ ಟಿಪ್ಪು ಕಟ್ಟಿಸಿದ ದರಿಯಾ ದೌಲತ್ ಅರಮನೆ. ಅದರ ಪಶ್ಚಿಮ ಗೋಡೆಯಲ್ಲಿ 1780ರ ಸೆಪ್ಟೆಂಬರ್ 10ರಂದು ಹೈದರಾಲಿ ಮತ್ತು ಟಿಪ್ಪು ಬ್ರಿಟಿಷ್ ಕರ್ನಲ್ ಬೇಲಿಯ (Baillie) ಸೇನೆಯನ್ನು ಸೋಲಿಸಿದ ಪೊಲ್ಲಿಲೂರು ಯುದ್ಧದ ಚಿತ್ರವಿದೆ. ಶಾಲೆಯ ಪ್ರವಾಸದಲ್ಲಿ ಮೇಷ್ಟರ ಹಿಂದೆ ಸಾಲಾಗಿ ಹಾದು ಹೋದ ಗೋಡೆಯದು. ಕಾಲೇಜಿನಲ್ಲಿ ಅದರ ಬಗ್ಗೆ ಕೇಳಿದ್ದು, ಪರ್ಸ್ಪೆಕ್ಟಿವ್ ತಿಳಿಯದ ಜಾನಪದ ಶೈಲಿ ಎಂಬ ಒಂದು ವಾಕ್ಯ. ಊರಿಗೆ ಮರಳಿದ ಮೇಲೆ ಮೊದಲು ನೋಡಲು ಹೋದದ್ದು ಅದನ್ನೇ.

ಗೋಡೆ ಇರುವುದು ಮರದ ಕಂಬಗಳ ಪಡಸಾಲೆಯೊಳಗೆ. ಸಾಂತಾ ಮರಿಯಾ ನೊವೆಲ್ಲಾದಲ್ಲಿ ಕಲಿತ ಅಭ್ಯಾಸದಿಂದ ನಾನು ಹಿಂದಕ್ಕೆ ಸರಿಯುತ್ತ ಹೋದೆ, ಇಡೀ ಚಿತ್ರ ಒಟ್ಟಾಗಿ ಕಾಣುವ ಜಾಗ ಸಿಗಲಿಲ್ಲ. ಸ್ವಲ್ಪ ಸರಿಯುವುದರೊಳಗೆ ಕಂಬ ಅಡ್ಡ ಬರುತ್ತದೆ. ಈ ಗೋಡೆಯನ್ನು ಒಂದು ಕಡೆ ನಿಂತು ನೋಡುವುದಕ್ಕೆಂದು ಬರೆದೇ ಇಲ್ಲ. ಎಡದಿಂದ ನಡೆಯುತ್ತ ಬರಬೇಕು. ಮೊದಲು ಹೈದರ್ ಮತ್ತು ಟಿಪ್ಪುವಿನ ಸೇನೆ ಹೊರಡುತ್ತದೆ, ಸಾಲಿನ ಮೇಲೆ ಸಾಲು ಕುದುರೆಗಳು, ಆನೆಗಳು. ಬಾಗಿಲು ದಾಟಿ ಬಲಕ್ಕೆ ಬಂದರೆ ಯುದ್ಧ: ಕೆಂಪು ಕೋಟಿನ ಸಿಪಾಯಿಗಳ ಚೌಕದ ನಡುವೆ ಪಲ್ಲಕ್ಕಿಯಲ್ಲಿ ಕುಳಿತ ಬೇಲಿ, ಸ್ಫೋಟಿಸುತ್ತಿರುವ ಮದ್ದಿನ ಬಂಡಿ, ದುರ್ಬೀನು ಹಿಡಿದ ಫ್ರೆಂಚ್ ದಳಪತಿ ಲ್ಯಾಲಿ, ಈ ಎಲ್ಲ ಗಲಾಟೆಯ ನಡುವೆ ಗುಲಾಬಿ ಹೂವನ್ನು ಮೂಸುತ್ತಿರುವ ಟಿಪ್ಪು. ಉಚೆಲ್ಲೊನ ಬೇಟೆಗಾರರು ನೆನಪಾಗದೇ ಇರಲು ಸಾಧ್ಯವೆ?

ಸಾಲುಗಳಲ್ಲಿ ಮೇಲಿನವು ಚಿಕ್ಕದಾಗುವುದಿಲ್ಲ. ಚಿಕ್ಕದಾಗಿದ್ದರೆ ಪಡಸಾಲೆಯಲ್ಲಿ ನಡೆಯುವವರ ಕಣ್ಣಿಗೆ ಮೇಲಿನ ಸವಾರರು ಸಿಗುತ್ತಲೇ ಇರಲಿಲ್ಲ. ಒಂದೊಂದು ಹೆಜ್ಜೆಗೂ ಎದುರಿಗೆ ಬರುವ ಭಾಗ ಆ ಹೆಜ್ಜೆಗೆ ಪೂರ್ಣವಾಗಿದೆ. ನೋಡುವವರ ದಾರಿಯನ್ನು ಇಲ್ಲಿಯೂ ಯಾರೋ ಯೋಚಿಸಿಯೇ ಗೊತ್ತುಮಾಡಿದ್ದಾರೆ, ಅದು ಬಿಂದುವಲ್ಲ, ಗೆರೆ. ಈ ಚಿತ್ರದ ಮೇಲೆ ಸುಣ್ಣ ಬಳಿದದ್ದು, 1799ರ ನಂತರ ಇಲ್ಲಿ ತಂಗಿದ ಬ್ರಿಟಿಷ್ ಸೇನಾಧಿಕಾರಿ ಆರ್ಥರ್ ವೆಲ್ಲೆಸ್ಲಿ ಅದನ್ನು ಸರಿಪಡಿಸಿದ್ದು, 1855ರಲ್ಲಿ ಗವರ್ನರ್ ಜನರಲ್ ಡಾಲ್‌ಹೌಸಿಯ ಆದೇಶದಂತೆ ಮತ್ತೆ ಬರೆಯಿಸಿದ್ದು ಎಲ್ಲವೂ ಸೇರಿ, ಇಂದು ಕಾಣುವ ಗೆರೆಗಳಲ್ಲಿ 1784ರ ಕೈ ಯಾವುದು, ಮುಂದಿನ ಕೈ ಯಾವುದು ಎಂದು ಬಿಡಿಸುವುದು ಬ್ರಂಕಾಚ್ಚಿಯ ಗಿಲಾವಿನ ಅಂಚನ್ನು ಹುಡುಕುವುದಕ್ಕಿಂತ ಕಷ್ಟದ ಕೆಲಸ.

ಆ ಕೆಲಸವನ್ನೇ ನನ್ನ ಪ್ರಬಂಧದ ವಿಷಯವಾಗಿ ಕೊಟ್ಟಿದ್ದೇನೆ. ಮಾರ್ಗದರ್ಶಕರು ಒಪ್ಪಿದ್ದಾರೆ, ವಸಾರಿಯ ಬಗ್ಗೆ ಇಷ್ಟೊಂದು ಕೋಪ ಬೇಡ ಎಂದೂ ಪೆನ್ಸಿಲಿನಲ್ಲಿ ಬರೆದಿದ್ದಾರೆ. ಅರಮನೆ ಭಾರತೀಯ ಪುರಾತತ್ವ ಸರ್ವೇಕ್ಷಣ ಇಲಾಖೆಯ ರಕ್ಷಣೆಯಲ್ಲಿರುವುದರಿಂದ ಅಳತೆ ತೆಗೆಯಲು ಅನುಮತಿ ಬೇಕು, ಪತ್ರ ಕಳುಹಿಸಿದ್ದೇನೆ. ಅಲ್ಲಿಯವರೆಗೆ ವಾರಕ್ಕೊಮ್ಮೆ ಹೋಗಿ ಪಡಸಾಲೆಯ ಉದ್ದಕ್ಕೂ ನಡೆದು, ಯಾವ ಹೆಜ್ಜೆಯಲ್ಲಿ ಏನು ಕಾಣುತ್ತದೆ ಎಂದು ಬರೆದುಕೊಳ್ಳುತ್ತಿದ್ದೇನೆ. ಕಳೆದ ವಾರ ಇಟಲಿಯ ಪ್ರವಾಸಿ ದಂಪತಿಯೊಬ್ಬರು ಬಂದಿದ್ದರು. ಪಲ್ಲಕ್ಕಿಯಲ್ಲಿರುವವನು ಯಾರೆಂದು ತಮ್ಮ ತಮ್ಮಲ್ಲೇ ಚರ್ಚಿಸುತ್ತಿದ್ದರು. ನಾನು ಹೇಳಿದೆ, ಬಾಗಿಲಿನ ಎಡದಿಂದ ಆರಂಭಿಸಿ ಎಂದೂ ಹೇಳಿದೆ. ಸಂಜೆ ಅಪ್ಪನಿಗೂ ತಿಳಿಸಿದ್ದೇನೆ, ಮಂಡ್ಯ ಜಿಲ್ಲೆಯಲ್ಲೇ ಮಾತಾಡಿದೆ ಎಂದು.